ಹುಟ್ಟಿದಾಗ ಚೆನ್ನಾಗಿದ್ದ ರಕ್ತ

ಮೈಸೂರು ಭಾಗದ ಒಂದು ಆಸ್ಪತ್ರೆಯ ರಕ್ತಪರೀಕ್ಷಾ ವಿಭಾಗದಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿಗೆ ಒಂದು ದಿನ ಹೆಗ್ಗಡದೇವನಕೋಟೆ ಕಡೆಯ ಹಾಡಿಯೊಂದರಿಂದ ಎಂಟು ತಿಂಗಳ ಮಗುವನ್ನು ಎತ್ತಿಕೊಂಡು ತಾಯಿಯೊಬ್ಬಳು ಬಂದಳು. ಮಗುವಿನ ಎರಡೂ ಕೈಗಳ ಮತ್ತು ಪಾದಗಳ ಮೇಲ್ಭಾಗ ಊದಿಕೊಂಡು ಬಿಸಿಯಾಗಿತ್ತು, ಮುಟ್ಟಿದರೆ ಕಿರುಚುತ್ತಿತ್ತು. ವೈದ್ಯರು ಬರೆದು ಕಳುಹಿಸಿದ್ದ ಚೀಟಿಯಲ್ಲಿ ಕುಡುಗೋಲು ಕಣದ (ಸಿಕಲ್ ಸೆಲ್) ಪರೀಕ್ಷೆ ಎಂದಿತ್ತು, ಎಂದರೆ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಕಾಯಿಲೆಯ ಪರೀಕ್ಷೆ. ರಕ್ತ ತೆಗೆದು ಹತ್ತಿಯನ್ನು ಒತ್ತಿ ಹಿಡಿದಿದ್ದಾಗ ಆಕೆ ಕೇಳಿದ್ದು ಇಷ್ಟು: "ಹುಟ್ಟಿದಾಗ ಚೆನ್ನಾಗಿತ್ತಲ್ಲ ಅಕ್ಕಾ, ಐದು ತಿಂಗಳು ಚೆನ್ನಾಗೇ ಹಾಲು ಕುಡೀತಿತ್ತು. ಆಮೇಲೆ ಇದರ ರಕ್ತಕ್ಕೆ ಏನಾಯಿತು?"

ಕಾಯಿಲೆ ಹುಟ್ಟಿನಿಂದಲೇ ಬಂದದ್ದು, ತಂದೆತಾಯಿ ಇಬ್ಬರಿಂದಲೂ ಬಂದದ್ದು ಎಂದು ನಾನು ಹೇಳಿದೆ. ಅದು ಸುಳ್ಳಲ್ಲ. ಆದರೆ ಆಕೆ ಕೇಳಿದ್ದು ಅದನ್ನಲ್ಲ. ಹುಟ್ಟಿನಿಂದಲೇ ಇದ್ದದ್ದು ಐದು ತಿಂಗಳು ಎಲ್ಲಿ ಅಡಗಿತ್ತು ಎಂಬುದು ಅವಳ ಪ್ರಶ್ನೆಯಾಗಿತ್ತು. ಜೀವಕೋಶವೊಂದರ ಬದುಕು ಅದರೊಳಗಿನ ವಂಶವಾಹಿಗಳಿಂದ ಹೇಗೆ ನಡೆಯುತ್ತದೆ ಎಂಬ ವಿಷಯದ ತಿರುಳೇ ಆ ಪ್ರಶ್ನೆಯಲ್ಲಿದೆ ಎಂದು ನನಗೆ ಅರಿವಾದದ್ದು ಆ ಮೇಲೆ. ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪರೀಕ್ಷೆಯ ಬಗ್ಗೆ ಹೇಳುತ್ತೇನೆ, ಏಕೆಂದರೆ ಕಾಯಿಲೆಯ ಸ್ವಭಾವವೆಲ್ಲ ಅದರಲ್ಲಿ ಕಣ್ಣಿಗೆ ಕಾಣುತ್ತದೆ. ರಕ್ತಕಣಗಳನ್ನು ಒಡೆಯುವ ಮತ್ತು ಆಮ್ಲಜನಕವನ್ನು ಕಸಿದುಕೊಳ್ಳುವ ರಾಸಾಯನಿಕಗಳಿರುವ ದ್ರಾವಣಕ್ಕೆ ಒಂದೆರಡು ಹನಿ ರಕ್ತ ಸೇರಿಸಿ, ಆ ನಳಿಕೆಯನ್ನು ಕಪ್ಪು ಗೆರೆಗಳಿರುವ ಕಾಗದದ ಮುಂದೆ ಹಿಡಿಯುತ್ತೇವೆ. ಸಾಮಾನ್ಯ ರಕ್ತವಾದರೆ ದ್ರಾವಣ ತಿಳಿಯಾಗಿ, ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ಹಿಮೋಗ್ಲೋಬಿನ್ ಎಂದರೆ ರಕ್ತಕಣದೊಳಗೆ ಆಮ್ಲಜನಕವನ್ನು ಹೊರುವ ಪ್ರೋಟೀನು; ಕುಡುಗೋಲು ಕಣದ ಹಿಮೋಗ್ಲೋಬಿನ್ ಇದ್ದರೆ ದ್ರಾವಣ ಮಬ್ಬಾಗಿ ಗೆರೆಗಳು ಮರೆಯಾಗುತ್ತವೆ. ಆಮ್ಲಜನಕ ಕಳೆದುಕೊಂಡ ಕೂಡಲೇ ಆ ಪ್ರೋಟೀನು ಕರಗಿ ನಿಲ್ಲಲಾರದೆ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತದೆ. ನಳಿಕೆಯಲ್ಲಿ ಆಗುವುದೇ ಮಗುವಿನ ಬೆರಳುಗಳ ಎಲುಬಿನೊಳಗಿನ ಸೂಕ್ಷ್ಮ ರಕ್ತನಾಳಗಳಲ್ಲೂ ಆಗುತ್ತಿರುತ್ತದೆ. ಎಳೆಯ ಶಿಶುಗಳಲ್ಲಿ ಈ ಪರೀಕ್ಷೆಯನ್ನು ನಂಬಬಾರದು ಎಂದು ನಮಗೆ ಮೊದಲ ದಿನವೇ ಕಲಿಸಿರುತ್ತಾರೆ, ಕಾಯಿಲೆ ಇದ್ದರೂ ದ್ರಾವಣ ತಿಳಿಯಾಗಿಯೇ ಉಳಿಯಬಹುದು. ತಾಯಿ ಕೇಳಿದ ಪ್ರಶ್ನೆಯನ್ನು ನಮ್ಮ ನಳಿಕೆಯೂ ಅಷ್ಟು ವರ್ಷ ನನ್ನ ಮುಂದೆ ಇಡುತ್ತಲೇ ಇತ್ತು.

ಈ ಕಣಗಳನ್ನು ವೈದ್ಯಲೋಕ ಮೊದಲು ಗುರುತಿಸಿದ್ದು ಷಿಕಾಗೋದಲ್ಲಿ. ಗ್ರೆನಡಾ ದ್ವೀಪದಿಂದ ದಂತವೈದ್ಯಕೀಯ ಓದಲು ಬಂದಿದ್ದ ವಾಲ್ಟರ್ ಕ್ಲೆಮೆಂಟ್ ನೋಯೆಲ್ ಎಂಬ ಯುವಕ 1904ರಲ್ಲಿ ಅಲ್ಲಿನ ಆಸ್ಪತ್ರೆಗೆ ದಾಖಲಾದಾಗ, ಅವನ ರಕ್ತದಲ್ಲಿ ಉದ್ದುದ್ದನೆಯ ಬಾಗಿದ ಕಣಗಳನ್ನು ಕಂಡವರು ಅರ್ನೆಸ್ಟ್ ಐರನ್ಸ್ ಎಂಬ ಕಿರಿಯ ವೈದ್ಯರು. ಅವರ ಹಿರಿಯರಾದ ಜೇಮ್ಸ್ ಹೆರಿಕ್ 1910ರಲ್ಲಿ ಅದನ್ನು ಪ್ರಕಟಿಸಿದರು. ಆಮ್ಲಜನಕ ಕಡಿಮೆಯಾದಾಗ ಕಣ ಬಾಗುತ್ತದೆ, ಮತ್ತೆ ಸಿಕ್ಕಾಗ ನೆಟ್ಟಗಾಗುತ್ತದೆ ಎಂದು 1927ರಲ್ಲಿ ಹಾನ್ ಮತ್ತು ಗಿಲೆಸ್ಪಿ ತೋರಿಸಿದರು. ತಪ್ಪು ಇರುವುದು ಕಣದೊಳಗಿನ ಹಿಮೋಗ್ಲೋಬಿನ್ನಿನಲ್ಲಿಯೇ ಎಂದು ಲೈನಸ್ ಪೌಲಿಂಗ್ ಮತ್ತು ಅವರ ಸಂಗಡಿಗರು 1949ರಲ್ಲಿ ಸಾಧಿಸಿದರು. ವಿದ್ಯುತ್ ಕ್ಷೇತ್ರದಲ್ಲಿ ಇಟ್ಟಾಗ ರೋಗಿಗಳ ಹಿಮೋಗ್ಲೋಬಿನ್ ಬೇರೆ ವೇಗದಲ್ಲಿ ಸಾಗುತ್ತಿತ್ತು, ವಾಹಕರ, ಎಂದರೆ ತಂದೆತಾಯಿಯಲ್ಲಿ ಒಬ್ಬರಿಂದ ಮಾತ್ರ ದೋಷ ಪಡೆದವರ, ರಕ್ತದಲ್ಲಿ ಎರಡೂ ಬಗೆಯದು ಬೆರೆತು ಸಿಗುತ್ತಿತ್ತು. ಕಾಯಿಲೆಯೊಂದರ ಮೂಲ ಒಂದೇ ಒಂದು ಅಣುವಿನಲ್ಲಿದೆ ಎಂದು ಬೆರಳಿಟ್ಟು ತೋರಿಸಿದ್ದು ಅದೇ ಮೊದಲು. ಇಂದಿಗೂ ನಾವು ಎಲೆಕ್ಟ್ರೋಫೊರೆಸಿಸ್ ಪಟ್ಟಿಯ ಮೇಲೆ ನೋಡುವುದು ಅದನ್ನೇ.

ಕೇಂಬ್ರಿಡ್ಜಿನಲ್ಲಿ ವರ್ನನ್ ಇಂಗ್ರಾಮ್ 1956-57ರಲ್ಲಿ ತಪ್ಪಿನ ಜಾಗವನ್ನು ಹುಡುಕಿದರು. ಹಿಮೋಗ್ಲೋಬಿನ್ ಎಂದರೆ ನಾಲ್ಕು ಸರಪಳಿಗಳ ಜೋಡಣೆ. ಅದರಲ್ಲಿ ಎರಡು ಆಲ್ಫಾ, ಎರಡು ಬೀಟಾ. ಬೀಟಾ ಸರಪಳಿಯಲ್ಲಿ ಮಣಿಗಳಂತೆ ಪೋಣಿಸಿದ 146 ಅಮೈನೋ ಆಮ್ಲಗಳಿವೆ. ಅವುಗಳಲ್ಲಿ ಆರನೆಯದು ಗ್ಲುಟಾಮಿಕ್ ಆಮ್ಲವಾಗಿರಬೇಕಾದಲ್ಲಿ ವ್ಯಾಲಿನ್ ಇರುತ್ತದೆ. 11ನೆಯ ವರ್ಣತಂತುವಿನಲ್ಲಿರುವ ಬೀಟಾ ವಂಶವಾಹಿಯಲ್ಲಿ ಆ ಅಮೈನೋ ಆಮ್ಲವನ್ನು ಸೂಚಿಸುವ, ಜಿಎಜಿ ಎಂದಿರಬೇಕಾದ ಡಿಎನ್ಎ ಮೂರಕ್ಷರ ಜಿಟಿಜಿ ಎಂದಾಗಿರುತ್ತದೆ. ವ್ಯತ್ಯಾಸ ಇಷ್ಟೇ. ಆದರೆ ಗ್ಲುಟಾಮಿಕ್ ಆಮ್ಲಕ್ಕೆ ಋಣ ವಿದ್ಯುದಂಶವಿದೆ, ಅದು ನೀರಿನೊಡನೆ ಹೊಂದಿಕೊಳ್ಳುತ್ತದೆ. ವ್ಯಾಲಿನ್ ಎಣ್ಣೆಯ ಜಾತಿಯದು, ನೀರಿನಿಂದ ತಪ್ಪಿಸಿಕೊಳ್ಳಲು ಮರೆ ಹುಡುಕುತ್ತದೆ. ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟುಕೊಟ್ಟಾಗ ಅದರ ಆಕಾರ ತುಸು ಬದಲಾಗಿ, ಬೀಟಾ ಸರಪಳಿಯ ಇನ್ನೊಂದು ಪಕ್ಕದಲ್ಲಿ ಅಂಥದೊಂದು ಮರೆ, ಒಂದು ಪುಟ್ಟ ಗುಳಿ, ತೆರೆದುಕೊಳ್ಳುತ್ತದೆ. ಒಂದು ಅಣುವಿನ ವ್ಯಾಲಿನ್ ಪಕ್ಕದ ಅಣುವಿನ ಗುಳಿಗೆ ಕೂತುಕೊಳ್ಳುತ್ತದೆ. ಹೀಗೆ ಒಂದರ ಹಿಂದೆ ಒಂದು ಸೇರಿ, ಹದಿನಾಲ್ಕು ಎಳೆಗಳ ಹುರಿಹಗ್ಗದಂಥ ನಾರುಗಳು ಕಣದೊಳಗೆ ಬೆಳೆಯುತ್ತವೆ.

ಕೆಂಪು ರಕ್ತಕಣವೆಂಬುದು ಒಂದೇ ಕೆಲಸಕ್ಕೆ ತನ್ನನ್ನು ತೆತ್ತುಕೊಂಡ ಜೀವಕೋಶ. ಅಸ್ಥಿಮಜ್ಜೆಯಲ್ಲಿ ಬೆಳೆಯುವಾಗ ಅದಕ್ಕೆ ಕೋಶಕೇಂದ್ರವಿರುತ್ತದೆ, ಆ ಸರಪಳಿಗಳನ್ನು ಮಾಡಿಸುವ ಗ್ಲೋಬಿನ್ ವಂಶವಾಹಿಗಳನ್ನು ಓದಿಸಿ ಓದಿಸಿ ಹಿಮೋಗ್ಲೋಬಿನ್ ತುಂಬಿಕೊಳ್ಳುತ್ತದೆ. ಆ ಬಳಿಕ ಕೋಶಕೇಂದ್ರವನ್ನೇ ಹೊರದಬ್ಬಿಬಿಡುತ್ತದೆ. ರಕ್ತಕ್ಕೆ ಇಳಿದ ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿರುತ್ತವೆ, ಆದರೆ ಇನ್ನು ಒಂದನ್ನಾದರೂ ಹೊಸದಾಗಿ ಮಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಮಜ್ಜೆಯಲ್ಲಿ ಏನು ತುಂಬಿಕೊಂಡಿತೋ ಅದರಲ್ಲೇ ಸುಮಾರು 120 ದಿನ ಬದುಕಬೇಕು. ಏಳೆಂಟು ಮೈಕ್ರೋಮೀಟರ್ ಅಗಲದ ಆ ಕಣ ತನಗಿಂತ ಕಿರಿದಾದ ರಕ್ತನಾಳಗಳಲ್ಲಿ ಮಡಿಸಿಕೊಂಡು ನುಸುಳಬೇಕು. ಅದಕ್ಕೆ ಬೇಕಾದ ಮೆತುತನವೇ ಅದರ ಆಯುಷ್ಯ. ಒಳಗೆ ಗಟ್ಟಿ ನಾರು ಬೆಳೆದರೆ ಆ ಮೆತುತನ ಹೋಗುತ್ತದೆ.

ಆದರೂ ಆಮ್ಲಜನಕ ಕಳೆದ ತಕ್ಷಣ ನಾರು ಹುಟ್ಟುವುದಿಲ್ಲ. ವಿಲಿಯಂ ಈಟನ್ ಮತ್ತು ಜೇಮ್ಸ್ ಹಾಫ್ರಿಕ್ಟರ್ 1970ರ ದಶಕದಲ್ಲಿ ತೋರಿಸಿಕೊಟ್ಟ ಈ ಸಂಗತಿ ನನಗೆ ಇಡೀ ಕಾಯಿಲೆಯಲ್ಲೇ ಅತ್ಯಂತ ಮುಖ್ಯವಾದದ್ದೆನಿಸುತ್ತದೆ. ಮೊದಲ ಕೆಲವು ಅಣುಗಳು ಸರಿಯಾಗಿ ಕೂಡಿಕೊಳ್ಳುವವರೆಗೆ ಒಂದು ತಡವಿರುತ್ತದೆ, ಅದು ಮುಗಿದ ಮೇಲೆ ನಾರುಗಳು ಸರ್ರನೆ ಬೆಳೆಯುತ್ತವೆ. ಕಣವೊಂದು ಸೂಕ್ಷ್ಮ ರಕ್ತನಾಳವನ್ನು ದಾಟಲು ಹಿಡಿಯುವುದು ಒಂದು ಸೆಕೆಂಡಿನಷ್ಟು ಹೊತ್ತು. ಆ ತಡ ಅದಕ್ಕಿಂತ ದೀರ್ಘವಾಗಿದ್ದರೆ ಕಣ ಪಾರಾಗಿ ಶ್ವಾಸಕೋಶ ಸೇರಿ ಆಮ್ಲಜನಕ ಪಡೆದು ಮತ್ತೆ ಹಗುರಾಗುತ್ತದೆ. ಕಿರಿದಾಗಿದ್ದರೆ ನಾಳದೊಳಗೇ ಬಿಗಿದು ನಿಲ್ಲುತ್ತದೆ. ಆ ತಡ ಎಷ್ಟು ಎಂಬುದು ಕಣದೊಳಗೆ ದೋಷದ ಹಿಮೋಗ್ಲೋಬಿನ್ ಎಷ್ಟು ಸಾಂದ್ರವಾಗಿದೆ ಎಂಬುದನ್ನು ವಿಪರೀತವಾಗಿ ಅವಲಂಬಿಸಿದೆ. ಸಾಂದ್ರತೆ ತುಸುವೇ ಇಳಿದರೂ ತಡ ಹಲವು ಪಟ್ಟು ಹೆಚ್ಚುತ್ತದೆ. ಒಂದು ಒಳ್ಳೆಯ, ಒಂದು ದೋಷದ ವಂಶವಾಹಿ ಪಡೆದ ವಾಹಕರು ಆರೋಗ್ಯವಾಗಿರುವುದು ಇದರಿಂದಲೇ, ಅವರ ಕಣಗಳಲ್ಲಿ ದೋಷದ್ದು ಅರ್ಧಕ್ಕಿಂತ ಕಡಿಮೆ. ರೋಗಿಗಳಿಗೆ ಚೆನ್ನಾಗಿ ನೀರು ಕುಡಿಯಿರಿ, ಚಳಿಗೆ ಮೈಯೊಡ್ಡಬೇಡಿ ಎಂದು ಹೇಳುವ ಮಾತಿನ ಹಿಂದೆಯೂ ಇದೇ ಇದೆ. ದೇಹದಲ್ಲಿ ನೀರು ಕಡಿಮೆಯಾದರೆ ಕಣವೂ ಒಣಗಿ ಒಳಗಿನದು ಸಾಂದ್ರವಾಗುತ್ತದೆ. ಚಳಿಯಲ್ಲಿ ನಾಳಗಳು ಸಂಕುಚಿಸಿ ದಾಟುವ ಹೊತ್ತು ಉದ್ದವಾಗುತ್ತದೆ. ನಮ್ಮ ಕಡೆ ಆಷಾಢದ ಜಡಿಮಳೆ ಹಿಡಿದಾಗ ಸಂಕಟಪಟ್ಟುಕೊಂಡು ಬರುವ ಮಕ್ಕಳನ್ನು ಕಂಡಾಗಲೆಲ್ಲ ನನಗೆ ಆ ಒಂದು ಸೆಕೆಂಡಿನ ಲೆಕ್ಕ ನೆನಪಾಗುತ್ತದೆ.

ಪ್ರೋಟೀನಿನ ತಪ್ಪು ಪ್ರೋಟೀನಿನಲ್ಲೇ ನಿಲ್ಲುವುದಿಲ್ಲ. ಮತ್ತೆ ಮತ್ತೆ ಬಾಗಿ ನೆಟ್ಟಗಾಗುವ ಕಣದ ಪೊರೆ ಜರ್ಜರಿತವಾಗುತ್ತದೆ. ಅದರ ಮೂಲಕ ಕ್ಯಾಲ್ಸಿಯಂ ಒಳನುಗ್ಗಿ, ಪೊಟ್ಯಾಸಿಯಂ ಹೊರಬಿಡುವ ದ್ವಾರಗಳನ್ನು ತೆರೆಸುತ್ತದೆ, ಪೊಟ್ಯಾಸಿಯಂನ ಹಿಂದೆ ನೀರೂ ಹೋಗುತ್ತದೆ. ಕಣ ಒಣಗುತ್ತದೆ, ಸಾಂದ್ರತೆ ಏರುತ್ತದೆ, ಮುಂದಿನ ಸಲ ನಾರು ಇನ್ನೂ ಬೇಗ ಹುಟ್ಟುತ್ತದೆ. ಪೊರೆಯ ಒಳಮೈಯಲ್ಲಿ ಇರಬೇಕಾದ ಕೊಬ್ಬಿನ ಅಣುಗಳು ಹೊರಮೈಗೆ ಬಂದು, ಕಣ ರಕ್ತನಾಳದ ಗೋಡೆಗೆ ಅಂಟಿಕೊಳ್ಳಲಾರಂಭಿಸುತ್ತದೆ. 120 ದಿನ ಬಾಳಬೇಕಾದದ್ದು ಹತ್ತಿಪ್ಪತ್ತು ದಿನಕ್ಕೆ ಒಡೆದುಹೋಗುತ್ತದೆ. ಒಡೆದ ಕಣದಿಂದ ಚೆಲ್ಲಿದ ಹಿಮೋಗ್ಲೋಬಿನ್, ರಕ್ತನಾಳವನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡನ್ನು ನುಂಗಿಹಾಕುತ್ತದೆ, ನಾಳ ಇನ್ನಷ್ಟು ಬಿಗಿಯುತ್ತದೆ. ರಕ್ತವನ್ನು ಸೋಸುವ ಗುಲ್ಮ ಎಳವೆಯಲ್ಲೇ ಕೆಟ್ಟುಹೋಗಿ ಮಗುವಿಗೆ ಸೋಂಕು ತಡೆಯುವ ಬಲ ಕುಂದುತ್ತದೆ. ಇಂಥ ಮಕ್ಕಳಿಗೆ ಪೆನಿಸಿಲಿನ್ ಕೊಡುತ್ತಾ ಹೋಗಬೇಕಾಗಿರುವುದು ಅದಕ್ಕಾಗಿ. ಒಂದಕ್ಷರದಿಂದ ಹೊರಟದ್ದು ಗುಲ್ಮಕ್ಕೆ, ಎಲುಬಿಗೆ, ಕೆಲವರಲ್ಲಿ ಮಿದುಳಿಗೂ ತಲುಪುತ್ತದೆ.

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. 11ನೆಯ ವರ್ಣತಂತುವಿನಲ್ಲಿ ಬೀಟಾ ವಂಶವಾಹಿ ಒಂಟಿಯಾಗಿಲ್ಲ. ಅದರ ಸಾಲಿನಲ್ಲಿ ಎಪ್ಸಿಲಾನ್, ಎರಡು ಗಾಮಾ, ಡೆಲ್ಟಾ, ಕೊನೆಗೆ ಬೀಟಾ ಹೀಗೆ ಐದು ವಂಶವಾಹಿಗಳಿವೆ, ಬದುಕಿನಲ್ಲಿ ಅವು ಎಚ್ಚರಗೊಳ್ಳುವುದೂ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ. ಗರ್ಭ ನಿಂತ ಮೊದಲ ಕೆಲವು ವಾರ ಎಪ್ಸಿಲಾನ್ ಕೆಲಸ ಮಾಡುತ್ತದೆ. ಆಮೇಲೆ ರಕ್ತ ತಯಾರಿಕೆ ಪಿತ್ತಜನಕಾಂಗಕ್ಕೆ ಹೋದಾಗ ಗಾಮಾ ಮುಂದೆ ಬರುತ್ತದೆ. ಎರಡು ಆಲ್ಫಾ, ಎರಡು ಗಾಮಾ ಸರಪಳಿ ಸೇರಿದ ಆ ಹಿಮೋಗ್ಲೋಬಿನ್ನನ್ನು ನಾವು ಎಫ್ ಎನ್ನುತ್ತೇವೆ, ಎಂದರೆ ಭ್ರೂಣದ ಹಿಮೋಗ್ಲೋಬಿನ್. ತಾಯಿಯ ರಕ್ತದಿಂದ ಆಮ್ಲಜನಕವನ್ನು ಎಳೆದುಕೊಳ್ಳುವಷ್ಟು ಹಿಡಿತ ಅದಕ್ಕಿದೆ. ಹೆರಿಗೆಗೆ ಕೆಲವು ವಾರ ಮೊದಲೇ ಗಾಮಾ ತಗ್ಗುತ್ತಾ ಬೀಟಾ ಏರುತ್ತಾ ಬರುತ್ತದೆ. ಆದರೂ ಹುಟ್ಟಿದ ಮಗುವಿನ ರಕ್ತದಲ್ಲಿ ಹೆಚ್ಚು ಪಾಲು ಎಫ್ ಇರುತ್ತದೆ, ಏಕೆಂದರೆ ಮೊದಲೇ ತುಂಬಿಕೊಂಡ ಕಣಗಳು ಇನ್ನೂ ತಿರುಗಾಡುತ್ತಿರುತ್ತವೆ. ಅವು ಮುಗಿಯುತ್ತಾ, ಬೀಟಾ ತುಂಬಿದ ಹೊಸ ಕಣಗಳು ಅವುಗಳ ಜಾಗಕ್ಕೆ ಬರಲು ಐದಾರು ತಿಂಗಳು ಬೇಕು. ವಯಸ್ಕರಲ್ಲಿ ಎಫ್ ಉಳಿಯುವುದು ನೂರಕ್ಕೆ ಒಂದು ಪಾಲೂ ಇಲ್ಲ.

ಆ ಮಗುವಿಗೆ ಬೀಟಾ ವಂಶವಾಹಿ ಹುಟ್ಟಿನಿಂದಲೇ ತಪ್ಪಾಗಿತ್ತು, ಆದರೆ ಗರ್ಭದಲ್ಲಿ ಅದನ್ನು ಹೆಚ್ಚು ಓದಿರಲಿಲ್ಲ. ಗಾಮಾದಲ್ಲಿ ಯಾವ ತಪ್ಪೂ ಇರಲಿಲ್ಲ. ಐದು ತಿಂಗಳು ಮಗುವನ್ನು ಕಾಪಾಡಿದ್ದು ಗಾಮಾ. ಅದು ಕಾಪಾಡುವುದು ಎರಡು ಬಗೆಯಲ್ಲಿ: ಕಣದಲ್ಲಿ ಜಾಗ ಹಿಡಿದು ದೋಷದ ಹಿಮೋಗ್ಲೋಬಿನ್ನಿನ ಸಾಂದ್ರತೆ ತಗ್ಗಿಸುತ್ತದೆ, ಅದಲ್ಲದೆ ಗಾಮಾ ಸರಪಳಿಯ 87ನೆಯ ಸ್ಥಾನದಲ್ಲಿರುವ ಗ್ಲುಟಮಿನ್ ಎಂಬ ಅಮೈನೋ ಆಮ್ಲ ನಾರಿನ ಹೆಣಿಗೆಗೆ ಹೊಂದಿಕೊಳ್ಳುವುದಿಲ್ಲ. ಕುಡುಗೋಲು ಕಣದ ಕಾಯಿಲೆ ಇರುವ ನವಜಾತ ಶಿಶುಗಳ ಕಣಗಳು ಅಷ್ಟಾಗಿ ಬಾಗುವುದಿಲ್ಲವೆಂದು ಗಮನಿಸಿ, ಭ್ರೂಣದ ಹಿಮೋಗ್ಲೋಬಿನ್ನೇ ಕಾರಣವಿರಬೇಕೆಂದು 1948ರಲ್ಲೇ ಹೇಳಿದವರು ಬ್ರೂಕ್ಲಿನ್ನಿನ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್. ಪೌಲಿಂಗರ ಲೇಖನಕ್ಕಿಂತ ಒಂದು ವರ್ಷ ಮೊದಲು! ಅವರ ಹೆಸರು ಇನ್ನಷ್ಟು ಜನರಿಗೆ ತಿಳಿದಿರಬೇಕಿತ್ತು ಎಂದು ನನ್ನ ಮನಸ್ಸಿನಲ್ಲಿದೆ.

ಕಬಿನಿ ನಾಲೆಯ ಪಕ್ಕದ ಊರಿನವರಿಗೆ ಇದನ್ನು ಹೇಳುವುದು ನನಗೆ ಕಷ್ಟವೆನಿಸುವುದಿಲ್ಲ. ನಾಲೆಯುದ್ದಕ್ಕೂ ಹರಿಯುವ ನೀರು ಒಂದೇ, ಯಾವ ಗದ್ದೆ ಹಸಿರಾಗುತ್ತದೆ ಎಂಬುದು ಯಾವ ತೂಬು ತೆರೆದಿದೆ ಎಂಬುದರ ಮೇಲೆ ನಿಂತಿದೆ. ಚರ್ಮದ ಕೋಶದಲ್ಲೂ ಮಿದುಳಿನ ಕೋಶದಲ್ಲೂ ಬೀಟಾ ವಂಶವಾಹಿ ಇದ್ದೇ ಇದೆ, ಮುಚ್ಚಿದ ತೂಬಿನ ಹಾಗೆ. ರಕ್ತ ಮಾಡುವ ಕೋಶದಲ್ಲಿ ಮಾತ್ರ ಅದು ತೆರೆಯುತ್ತದೆ, ಅದೂ ಹೊತ್ತು ಬಂದಾಗ.

ಮುಚ್ಚಿದ ತೂಬನ್ನು ತೆರೆಯಬಹುದೇ? ದೊಡ್ಡವರಾದ ಮೇಲೂ ಎಫ್ ಹೆಚ್ಚಾಗಿಯೇ ಉಳಿದುಕೊಳ್ಳುವ ಕೆಲವು ಕುಟುಂಬಗಳಿವೆ. ಅವರಲ್ಲಿ ಕುಡುಗೋಲು ಕಣದ ದೋಷ ಇದ್ದವರಿಗೂ ತೊಂದರೆ ತೀರಾ ಕಡಿಮೆ. ಹಾಗಾಗಿ ಅದು ಸಾಧ್ಯವೆಂದು ಪ್ರಕೃತಿಯೇ ತೋರಿಸಿಕೊಟ್ಟಿತ್ತು. ಮಲಗಿರುವ ವಂಶವಾಹಿಗಳ ಮೇಲೆ ಕೂತ ಮಿಥೈಲ್ ಗುರುತುಗಳನ್ನು ಅಳಿಸುವ ಔಷಧದಿಂದ ಗಾಮಾವನ್ನು ಎಬ್ಬಿಸಬಹುದೆಂದು 1982ರಲ್ಲಿ ಬಬೂನ್ ಕೋತಿಗಳಲ್ಲೂ ರೋಗಿಯೊಬ್ಬರಲ್ಲೂ ಕಂಡುಕೊಂಡರು. ಬಳಕೆಗೆ ಬಂದದ್ದು ಮಾತ್ರ ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ ಕ್ಯಾನ್ಸರ್ ಔಷಧ. ವೇಗವಾಗಿ ವಿಭಜಿಸುವ ಕೋಶಗಳನ್ನು ಅದು ತಡೆದಾಗ, ಮಜ್ಜೆ ಅವಸರದಲ್ಲಿ ಚೇತರಿಸಿಕೊಳ್ಳುತ್ತಾ ಎಫ್ ಹೆಚ್ಚಿರುವ ಕಣಗಳನ್ನು ಹೊರಬಿಡುತ್ತದೆ ಎಂಬುದು ಒಂದು ಪ್ರಬಲ ವಿವರಣೆ. ನೋವಿನ ಆಘಾತಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವೆಂದು 1995ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆ ತೋರಿಸಿತು, 1998ರಲ್ಲಿ ಅಲ್ಲಿ ಅನುಮತಿ ಸಿಕ್ಕಿತು. ಅದು ಅಗ್ಗದ ಮಾತ್ರೆ, ಬಾಯಿಯಿಂದ ತೆಗೆದುಕೊಳ್ಳುವಂಥದು.

ತೂಬು ಮುಚ್ಚುವ ಕೈ ಯಾವುದೆಂದು ಗೊತ್ತಾದದ್ದು ಇನ್ನೂ ಹತ್ತು ವರ್ಷ ಕಳೆದ ಮೇಲೆ. ಸಾವಿರಾರು ಜನರ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ, ಎಫ್ ಮಟ್ಟದ ಏರಿಳಿತಕ್ಕೂ 2ನೆಯ ವರ್ಣತಂತುವಿನಲ್ಲಿರುವ ಬಿಸಿಎಲ್11ಎ ಎಂಬ ವಂಶವಾಹಿಗೂ ನಂಟು ಕಂಡಿತು. ಅದರ ಪ್ರೋಟೀನು ಗಾಮಾವನ್ನು ಅದುಮಿ ಹಿಡಿಯುತ್ತದೆ ಎಂದು ಬಾಸ್ಟನ್ನಿನಲ್ಲಿ ವಿಜಯ್ ಶಂಕರನ್ ಮತ್ತು ಸ್ಟುವರ್ಟ್ ಆರ್ಕಿನ್ ತಂಡ 2008ರಲ್ಲಿ ತೋರಿಸಿತು. ಹಾಗೆಂದು ಅದನ್ನೇ ಕೆಡಿಸಿಬಿಡುವಂತಿರಲಿಲ್ಲ, ಏಕೆಂದರೆ ಸೋಂಕಿನ ವಿರುದ್ಧ ಹೋರಾಡುವ ಬಿ ಲಿಂಫೋಸೈಟು ಎಂಬ ಬಿಳಿ ರಕ್ತಕಣಗಳ ಮತ್ತು ಮಿದುಳಿನ ಬೆಳವಣಿಗೆಗೂ ಆ ಪ್ರೋಟೀನು ಬೇಕು. ದಾರಿ ಸಿಕ್ಕಿದ್ದು 2013ರಲ್ಲಿ. ಆ ವಂಶವಾಹಿಯ ಒಳಗೇ, ಪ್ರೋಟೀನಿಗೆ ಸಂಬಂಧಿಸದ ಒಂದು ಭಾಗದಲ್ಲಿ, ಕೆಂಪು ಕಣಗಳ ಸಾಲಿನ ಕೋಶಗಳಲ್ಲಿ ಮಾತ್ರ ಅದನ್ನು ಜೋರಾಗಿ ಓದಿಸುವ ಒಂದು ಉತ್ತೇಜಕ ತುಣುಕಿದೆ ಎಂದು ಗೊತ್ತಾಯಿತು. ಆ ತುಣುಕನ್ನಷ್ಟೇ ಕತ್ತರಿಸಿದರೆ ಉಳಿದ ಕೋಶಗಳಲ್ಲಿ ಪ್ರೋಟೀನು ಇದ್ದಂತೆಯೇ ಇರುತ್ತದೆ, ರಕ್ತದಲ್ಲಿ ಮಾತ್ರ ಗಾಮಾದ ಮೇಲಿನ ಹಿಡಿತ ಸಡಿಲವಾಗುತ್ತದೆ.

ರಕ್ತಕಣಗಳಿಗೆ ಮೂಲವಾದ ರೋಗಿಯ ಕಾಂಡಕೋಶಗಳನ್ನು ಹೊರತೆಗೆದು, ವಂಶವಾಹಿಯನ್ನು ಬೇಕಾದಲ್ಲಿ ಕತ್ತರಿಸುವ ಕ್ರಿಸ್ಪರ್ ಎಂಬ ಕತ್ತರಿಯಿಂದ ಆ ಜಾಗವನ್ನು ಕಡಿದು ಮರಳಿಸುವ ಕ್ಯಾಸ್‌ಜೆವಿ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಅನುಮತಿ ನೀಡಿದವು. ಅಮೆರಿಕದ ಅನುಮತಿಗೆ ಪರಿಗಣಿಸಿದ 31 ರೋಗಿಗಳಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವಿನ ಆಘಾತವೇ ಬರಲಿಲ್ಲ. ಇಲ್ಲಿ ತಪ್ಪಿದ ಬೀಟಾ ಅಕ್ಷರವನ್ನು ಯಾರೂ ತಿದ್ದುವುದಿಲ್ಲ ಎಂಬುದನ್ನು ಗಮನಿಸಬೇಕು. ಜಿಟಿಜಿ ಜಿಟಿಜಿಯಾಗಿಯೇ ಉಳಿಯುತ್ತದೆ, ಯಾವುದನ್ನು ಎಷ್ಟು ಓದಬೇಕು ಎಂಬುದು ಮಾತ್ರ ಬದಲಾಗುತ್ತದೆ. ಆದರೆ ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್, ಜೊತೆಗೆ ಹಳೆಯ ಮಜ್ಜೆಯನ್ನು ಬರಿದು ಮಾಡುವ ಕಠಿಣ ಕೀಮೋಥೆರಪಿ ಬೇಕು. ದೆಹಲಿಯಲ್ಲಿ ವಂಶವಾಹಿಗಳ ಸಂಶೋಧನೆ ನಡೆಸುವ ಐಜಿಐಬಿ ಸಂಸ್ಥೆಯ ವಿಜ್ಞಾನಿಗಳು ನಮ್ಮಲ್ಲೇ ಅಗ್ಗವಾಗಿ ಮಾಡುವ ದಾರಿ ಹುಡುಕುತ್ತಿದ್ದಾರೆ, ಅದರ ಬಗ್ಗೆ ನನಗೆ ಬಹಳ ಆಸೆಯಿದೆ.

ನಮ್ಮ ದೇಶದಲ್ಲಿ ಈ ಲಕ್ಷಣ ಮೊದಲು ದಾಖಲಾದದ್ದು 1952ರಲ್ಲಿ, ನಮಗೆ ಹತ್ತಿರದ ನೀಲಗಿರಿಯ ಬುಡಕಟ್ಟು ಜನರಲ್ಲಿ. ಮಲೇರಿಯಾ ಇದ್ದ ಕಾಡುಸೀಮೆಗಳಲ್ಲೇ ಇದು ಉಳಿದುಬಂದದ್ದಕ್ಕೆ ಕಾರಣವನ್ನು 1954ರಲ್ಲಿ ಆಂಥೊನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಕಂಡುಕೊಂಡಿದ್ದರು: ದೋಷದ ವಂಶವಾಹಿಯ ಒಂದೇ ಪ್ರತಿ ಇರುವವರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನ ಏಳು ಕೋಟಿ ಜನರನ್ನು ಪರೀಕ್ಷಿಸುವ ಗುರಿ ಇಟ್ಟುಕೊಂಡು ಹೊರಟಿತು, ಕರ್ನಾಟಕವೂ ಅದರ ರಾಜ್ಯಗಳ ಪಟ್ಟಿಯಲ್ಲಿದೆ. ಪರೀಕ್ಷೆ ಬೇಕೇ ಬೇಕು. ಆದರೆ ಕಾರ್ಡಿನ ಮೇಲೆ ಫಲಿತಾಂಶ ಬರೆದುಕೊಟ್ಟ ಮೇಲೆ, ಹೈಡ್ರಾಕ್ಸಿಯೂರಿಯಾ ಮಾತ್ರೆ ತಿಂಗಳಿಗೊಮ್ಮೆ ತಪ್ಪದೆ ಹಾಡಿಯವರೆಗೆ ತಲುಪದಿದ್ದರೆ ಗಾಮಾ ಎಚ್ಚರಗೊಳ್ಳುವುದಿಲ್ಲ. ಮಜ್ಜೆ ದಿನವೂ ಹೊಸ ಕಣಗಳನ್ನು ಮಾಡುತ್ತದೆ, ಔಷಧ ನಿಂತರೆ ಅಂದಿನಿಂದ ಮಾಡುವ ಕಣಗಳು ಮತ್ತೆ ಹಳೆಯ ರೀತಿಯವೇ.

ಆ ಮಗುವಿಗೆ ಸ್ವಲ್ಪ ದೊಡ್ಡದಾದ ಮೇಲೆ ಹೈಡ್ರಾಕ್ಸಿಯೂರಿಯಾ ಆರಂಭಿಸಿದರು. ನಾಲ್ಕೈದು ತಿಂಗಳ ಬಳಿಕ ತಾಯಿ ಮತ್ತೆ ಕರೆದುಕೊಂಡು ಬಂದಳು. ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಿಂದ ಬರುವ ಕಾಗದದಲ್ಲಿ ಎಫ್‌ನ ಶಿಖರ ಎಡತುದಿಯಲ್ಲಿ, ಎಲ್ಲಕ್ಕೂ ಮೊದಲು ಬರುತ್ತದೆ, ಎಸ್ ಎಂದು ಕರೆಯುವ ದೋಷದ ಹಿಮೋಗ್ಲೋಬಿನ್ನಿನ ಶಿಖರ ಕೊನೆಗೆ. ಹಳೆಯ ಕಾಗದವನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಎಡಗಡೆಯ ಶಿಖರ ಬೆಳೆದಿರುವುದನ್ನು ಆಕೆಗೆ ತೋರಿಸಿದೆ. ಹೊಟ್ಟೆಯಲ್ಲಿದ್ದಾಗಿನ ರಕ್ತ ಇದು, ಇದು ಹೆಚ್ಚಿದ್ದಷ್ಟೂ ಒಳ್ಳೆಯದು ಎಂದೆ. ಆಕೆ ಬೆರಳಿನಿಂದ ಆ ಗೆರೆಯನ್ನು ಸವರಿ, ಹಾಗಾದರೆ ಇದು ನನ್ನ ಹತ್ತಿರ ಇದ್ದಾಗಿನದೇ ತಾನೇ ಅಕ್ಕಾ ಎಂದು ಕೇಳಿ, ಕಾಗದವನ್ನು ಮಡಿಸಿ ಮಗುವಿನ ಟೋಪಿಯ ಜೊತೆ ಚೀಲದೊಳಗಿಟ್ಟುಕೊಂಡಳು.